ಮೇಲಿನಿಂದ ಬಿದ್ದವನಿಗೆ ನೀರು

ಬೇರೆ ಊರಲ್ಲಾದರೆ ವಿಮಾನ ಬೀಳುವುದನ್ನು ನೋಡಲು ಜನ ಮೊಬೈಲು ಹಿಡಿದು ಓಡುತ್ತಿದ್ದರು. ಎಣ್ಮಕಜೆಯ ಗೇರುಗುಡ್ಡೆಯ ಕೆಳಗಿನವರು ಓಡಿದ್ದು ಬಾವಿ ಮುಚ್ಚಲು. ನಗುವವರು ನಗಲಿ. ಹಿಂದೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ವರ್ಷಗಳಲ್ಲಿ ಇವರಿಗೆ ಸಿಕ್ಕ ಬುದ್ಧಿಮಾತು ಅದೊಂದೇ, ಬಾವಿ ಮುಚ್ಚಿಕೊಳ್ಳಿ ಎಂದು. ಮುಚ್ಚಿಕೊಂಡವರ ಮನೆಗಳಲ್ಲಿ ಮುಂದೆ ಏನೇನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ.

ರಾಜೀವಿಯ ಮನೆಯಲ್ಲಿ ಆದದ್ದರ ಹೆಸರು ಅಶ್ಮಿತಾ. ಇಪ್ಪತ್ತೇಳರ ಮಗಳು, ಮಾತಿಲ್ಲ, ನಡಿಗೆಯಿಲ್ಲ. ಆ ಬೆಳಿಗ್ಗೆ ಅವಳನ್ನು ಅಂಗಳದ ಬಿಸಿಲಿನಲ್ಲಿ ಮಲಗಿಸಿ ರಾಜೀವಿ ತಲೆ ಬಾಚುತ್ತಿದ್ದಳು. ಕಡಲಿನ ಕಡೆಯಿಂದ ವಿಮಾನವೊಂದು ಗುಡ್ಡೆಗೆ ತಾಗುವಷ್ಟು ಕೆಳಗೆ ಬಂತು. ಅದರ ಹಿಂದೆ ಬಿಳೀ ಮಂಜು ಸುರಿಯುತ್ತಿತ್ತು.

"ರಾಜೀವಿಯಕ್ಕ, ಬಾವಿ ಮುಚ್ಚಿ, ಪುನಃ ಶುರು ಮಾಡಿದ್ರು," ಎಂದು ಪಕ್ಕದ ಮನೆಯ ವಾಸಪ್ಪ ಬೇಲಿಯಾಚೆಯಿಂದ ಕೂಗಿದ.

ಮಗಳು ಮೊದಲೋ ಬಾವಿ ಮೊದಲೋ? ರಾಜೀವಿ ಮಗಳನ್ನು ಎಳೆದುಕೊಂಡು ಒಳಗೆ ಹಾಕಿದಳು. ಟರ್ಪಾಲು ಹಿಡಿದು ಬಾವಿಗೆ ಬರುವಷ್ಟರಲ್ಲಿ ಮಂಜು ಇಳಿದಾಗಿತ್ತು. ಅವಳ ಕೈ, ಸೀರೆ, ಬಾವಿಯ ಹಗ್ಗ ಎಲ್ಲ ಸೀಮೆಎಣ್ಣೆಯ ಹಾಗೆ ನಾರುತ್ತಿತ್ತು. ಆದರೂ ಮುಚ್ಚಿದಳು. ಗುಡ್ಡೆಯ ಮೇಲೆ ಭೂಮಿ ಬಿರಿದಂಥ ಸದ್ದಾಗಿ ಹೊಗೆ ಎದ್ದಾಗ ಅವಳು ಬಾಗಿಲು ಹಾಕಿ, ಕಿಟಕಿಯ ಹತ್ತಿರ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಗೇರುಮರಗಳ ನಡುವಿನಿಂದ ಒಬ್ಬ ಕಾಲೆಳೆಯುತ್ತ ಬಂದ. ಮೈಮೇಲೆ ಹಸಿರು ಉಡುಪು, ಹೆಗಲಲ್ಲಿ ಪ್ಯಾರಾಚೂಟಿನ ಹರಿದ ಹಗ್ಗ. ಒಂದು ಕೈ ಜೋತುಬಿದ್ದಿತ್ತು. ಅಂಗಳದವರೆಗೆ ಬಂದು ಮಣ್ಣಿನ ಮೇಲೆ ಉರುಳಿದ.

"ಅಮ್ಮ, ನೀರು."

"ಬಾಗಿಲು ತೆಗೀಬೇಡಿ ಅಕ್ಕ," ಎಂದ ವಾಸಪ್ಪ ತನ್ನ ಜಗಲಿಯಿಂದ. "ಅವನ ಮೈಯಲ್ಲೆಲ್ಲ ಅದೇ ಉಂಟು. ಆಂಬುಲೆನ್ಸಿಗೆ ಫೋನ್ ಮಾಡಿದ್ದೇನೆ, ಬರ್ತದೆ."

ರಾಜೀವಿ ಕಿಟಕಿಯ ಸರಳು ಹಿಡಿದು ಕೇಳಿದಳು. "ಎಂತ ಸುರಿದದ್ದು ನೀನು?"

ಅವನು ಬೆಂಗಳೂರಿನಲ್ಲಿ ಕಲಿತ ಅರೆಬರೆ ಕನ್ನಡದಲ್ಲಿ ಹೇಳಿದ. "ಪೆಟ್ರೋಲ್ ತರಹ, ಅಮ್ಮ. ಹೊಸ ಫೈಟರ್ ಇದು, ಇನ್ನೂ ಟೆಸ್ಟ್ ಮಾಡ್ತಾ ಇದ್ವಿ. ಟ್ಯಾಂಕ್ ಒಡೆದುಹೋಯ್ತು. ನೀರು ಕೊಡಿ."

ಪೆಟ್ರೋಲಂತೆ. ಆಗ ಹೆಲಿಕಾಪ್ಟರಿನವರು ತಾವು ಸುರಿದದ್ದನ್ನು ಮದ್ದು ಎಂದಿದ್ದರು. ಹೊಟ್ಟೆಯಲ್ಲಿ ಅಶ್ಮಿತಾ ಇದ್ದಾಗ ರಾಜೀವಿ ಕೇಳಿದ್ದಕ್ಕೆ, ಮದ್ದಿನಿಂದ ಎಂತ ಆಗ್ತದೆ ಎಂದು ನಕ್ಕಿದ್ದರು.

ಒಳಗೆ ಕೊಡಪಾನದಲ್ಲಿ ಬೆಳಿಗ್ಗೆಯೇ ಸೇದಿಟ್ಟ ನೀರಿತ್ತು. ಈ ಮನೆಯಲ್ಲಿ ಇನ್ನು ನಂಬಿ ಕುಡಿಯಬಹುದಾದದ್ದು ಅಷ್ಟೇ, ಅದು ಮಗಳದು. ರಾಜೀವಿ ಬಾಗಿಲು ತೆಗೆದಳು. ನೇರ ಬಾವಿಗೆ ಹೋಗಿ, ಟರ್ಪಾಲು ಸರಿಸಿ, ನೀರು ಸೇದಿದಳು. ಅದರ ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು. ಚೆಂಬಿಗೆ ಹೊಯ್ಯುವಾಗ ಅವಳಲ್ಲಿ ಕರುಣೆಯ ಸುಳಿವಿರಲಿಲ್ಲ. ಇದ್ದದ್ದು ಸಿಟ್ಟು, ಇಷ್ಟು ವರ್ಷ ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಇಟ್ಟುಕೊಂಡ ಸಿಟ್ಟು. ಮೇಲಿನಿಂದ ಸುರಿಯುವವರಲ್ಲಿ ಒಬ್ಬನಾದರೂ ಒಮ್ಮೆ ಕುಡಿದು ನೋಡಲಿ.

ಅವನು ಕಣ್ಣು ಮುಚ್ಚಿ ಕುಡಿದ. ಎರಡನೇ ಗುಟುಕಿಗೆ ನಿಂತು, ಚೆಂಬನ್ನು ಮೂಗಿನ ಹತ್ತಿರ ಹಿಡಿದ. ಉಗುಳಿದ. ತೆರೆದ ಬಾಗಿಲಿನ ಒಳಗೆ ಚಾಪೆಯ ಮೇಲಿದ್ದ ಅಶ್ಮಿತಾಳನ್ನು ಆಗ ನೋಡಿದ.

"ಈ ನೀರು ಕುಡೀಬೇಡಿ ಅಮ್ಮ," ಎಂದ. "ಇದರಲ್ಲಿ ನಮ್ಮ ಎಣ್ಣೆ ಬಿದ್ದಿದೆ. ಅವರಿಗೂ ಕೊಡಬೇಡಿ. ಯಾರಾದ್ರೂ ಏನೂ ಆಗಲ್ಲ ಅಂದ್ರೂ ನಂಬಬೇಡಿ."

ರಾಜೀವಿ ಅಲ್ಲೇ ಕುಸಿದು ಕೂತಳು. ಈ ಒಂದು ಮಾತನ್ನು ಯಾರಾದರೂ ಅಶ್ಮಿತಾ ಹೊಟ್ಟೆಯಲ್ಲಿದ್ದಾಗಲೇ ಹೇಳಿದ್ದರೆ. ಅಳು ಒತ್ತಿಕೊಂಡು ಬಂತು, ತಡೆಯಲು ಅವಳು ಹೋಗಲಿಲ್ಲ.

"ಗೊತ್ತಿತ್ತು ಮಗ," ಎಂದಳು. "ಗೊತ್ತಿದ್ದೇ ನಿನಗೆ ಕೊಟ್ಟದ್ದು."

ಅವನು ಅವಳನ್ನೇ ನೋಡಿದ. ಅರ್ಥವಾಯಿತೆಂದು ಅವನ ಮುಖದಲ್ಲಿ ಕಾಣುತ್ತಿತ್ತು. ಆದರೂ ಒಣಗಿದ ತುಟಿಯಲ್ಲಿ ಮತ್ತೆ ಕೇಳಿದ್ದು ನೀರನ್ನೇ.

ರಾಜೀವಿ ಒಳಗೆ ಹೋಗಿ ಕೊಡಪಾನದಿಂದ ಚೆಂಬು ತುಂಬಿಸಿ ತಂದಳು. ಅವನ ತಲೆಯನ್ನು ತೋಳಿನ ಮೇಲೆ ಎತ್ತಿಟ್ಟುಕೊಂಡು, ದಿನವೂ ಮಗಳಿಗೆ ಕುಡಿಸುವ ಹಾಗೆ, ಗುಟುಕು ಗುಟುಕಾಗಿ ಕುಡಿಸತೊಡಗಿದಳು.