ತೊಳೆದ ಜಲ್ಲಿ

ಚೀನೀ ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ ಏಳು ಗಂಟೆಯೊಳಗೆ ಯೋಕ್ ಪೆಂಗ್ ಮೀನುಗಳನ್ನು ಮೂರು ಸಲ ಎಣಿಸಿದ್ದಳು. ಎಂಟು ಕೆಂಪು, ಒಂದು ಕಪ್ಪು. ಒಂಬತ್ತೂ ಇದ್ದವು. ಆದರೆ ಒಂಬತ್ತೂ ಮೇಲೆ ಬಂದು, ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ನಿನ್ನೆ ಅಕ್ಕಿ ತೊಳೆದ ನೀರಿನಂತಿದ್ದ ಗಾಜಿನ ತೊಟ್ಟಿ ಇವತ್ತು ತೆಳು ಗಂಜಿಯಾಗಿತ್ತು.

ಏನಾಗಿದೆಯೆಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಸೊಸೆಯಾಗಿ ಇಪೋ ಊರಿಗೆ ಬಂದ ಮೇಲೆ ಅವಳಿಗೆ ಇದು ಮೊದಲ ಹಬ್ಬ. ಹಬ್ಬಕ್ಕೆ ಮುಂಚೆ ಮನೆಯಲ್ಲಿ ಹಳೆಯ ವರ್ಷದ ಕೊಳೆ ಒಂದು ಚೂರೂ ಉಳಿಯಬಾರದು. ನಾಲ್ಕು ದಿನದ ಕೆಳಗೆ, ಅತ್ತೆ ಫೂಂಗಮ್ಮ ಮಾರುಕಟ್ಟೆಗೆ ಹೋಗಿದ್ದಾಗ, ಫ್ಯಾನು ಕಿಟಕಿಗಳನ್ನೆಲ್ಲ ಒರೆಸಿ ಮುಗಿಸಿ ಅವಳು ತೊಟ್ಟಿಯ ಮುಂದೆ ನಿಂತಿದ್ದಳು. ತಳದ ಜಲ್ಲಿ ಕಂದುಗಟ್ಟಿ, ಮುಟ್ಟಿದರೆ ಲೋಳೆಲೋಳೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಜಲ್ಲಿಯನ್ನೆಲ್ಲ ಬಗೆದು ತೆಗೆದು, ಕುದಿಯುವ ನೀರು ಸುರಿದು ಉಜ್ಜಿದ್ದಳು. ಜಲ್ಲಿಯಡಿ ಇದ್ದ ತೂತಿನ ತಟ್ಟೆಯನ್ನೂ ಬಿಡಲಿಲ್ಲ. ಸಂಜೆ ಕನ್ನಡಕವಿಲ್ಲದೆ ಮೀನಿಗೆ ಕಾಳು ಹಾಕಿದ ಅತ್ತೆ, ಗಾಜು ಚೆನ್ನಾಗಿ ಒರೆಸಿದ್ದೀಯ ಎಂದಿದ್ದರು. ಅವಳು ಹಿಗ್ಗಿದ್ದಳು.

ನೀರು ಮಬ್ಬಾದ ಮೇಲೆ ಫೋನಿನಲ್ಲಿ ಹುಡುಕಿ ಓದಿದಳು. ಗಾಳಿಯ ಕೊಳವೆ ನೀರನ್ನು ಜಲ್ಲಿಯ ಮೂಲಕ ಕೆಳಗೆ ಎಳೆಯುತ್ತದೆ. ಆ ಲೋಳೆಯೊಳಗಿನ ಜೀವಗಳು ಮೀನಿನ ಹೊಲಸನ್ನು ತಿಂದು ನೀರಿನ ವಿಷ ತೆಗೆಯುತ್ತವೆ. ಅವಳು ಕುದಿಸಿ ಕೊಂದದ್ದು ಅವನ್ನೇ. ಈಗ ಅರ್ಧ ನೀರು ಬದಲಿಸಬೇಕು, ಬೇರೊಂದು ತೊಟ್ಟಿಯ ಕೊಳಕು ಜಲ್ಲಿ ತಂದು ಹಾಕಬೇಕು. ನಿನ್ನೆಯೇ ಮಾಡಬೇಕಿತ್ತು. ಆದರೆ ಹಬ್ಬದ ಮುನ್ನಾದಿನ, ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ, ಅವಳಿಗೆ ಒಂಟಿ ಗಳಿಗೆ ಸಿಗಲಿಲ್ಲ, ಬಾಯಿಬಿಡುವ ಧೈರ್ಯವೂ ಬರಲಿಲ್ಲ. ಇವತ್ತು ಮನೆಯಿಂದ ಒಂದು ಚೊಂಬು ನೀರನ್ನೂ ಹೊರಗೆ ಚೆಲ್ಲುವಂತಿಲ್ಲ. ಚೆಲ್ಲಿದರೆ ವರ್ಷದ ಅದೃಷ್ಟವೂ ಜೊತೆಗೇ ಹೋಯಿತು. ಅತ್ತೆ ಪೊರಕೆಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಕೆಂಪು ರವಿಕೆ ತೊಟ್ಟ ಫೂಂಗಮ್ಮ ಹಬ್ಬಕ್ಕೆ ಹಂಚುವ ಕಿತ್ತಳೆಯ ತಟ್ಟೆ ಹಿಡಿದು ನಡುಮನೆಗೆ ಬಂದರು. ಹತ್ತು ಗಂಟೆಗೆ ನೆಂಟರು ಬರುವವರಿದ್ದರು.

"ಇವೇನು ಎಲ್ಲಾ ಮೇಲೆ ಬಂದು ನಿಂತಿವೆ?"

ಸೆಕೆ ಎಂದುಬಿಡಬಹುದಿತ್ತು. ಅಷ್ಟರಲ್ಲಿ ಕಪ್ಪು ಮೀನು ಒಂದು ಪಕ್ಕಕ್ಕೆ ವಾಲಿತು.

"ಅಮ್ಮಾ, ಜಲ್ಲಿ ತೊಳೆದುಬಿಟ್ಟೆ. ಕುದಿಯೋ ನೀರಲ್ಲಿ."

ಫೂಂಗಮ್ಮ ತಟ್ಟೆ ಕೆಳಗಿಟ್ಟರು. ಆ ತೊಟ್ಟಿ ಅವರೇ ಕೂಡಿಸಿದ್ದು. ಹನ್ನೊಂದು ವರ್ಷದಿಂದ ಜಲ್ಲಿಯ ಮೇಲ್ಮೈ ಬಿಟ್ಟು ಕೆಳಗೆ ಯಾರ ಕೈಯನ್ನೂ ಇಳಿಯಗೊಟ್ಟಿರಲಿಲ್ಲ. ಅವರ ಕತ್ತಿನ ನರ ಉಬ್ಬಿದ್ದು ಯೋಕ್ ಪೆಂಗ್‌ಗೆ ಕಂಡಿತು.

"ಇವತ್ತು ಬೈಯೋ ಹಾಗಿಲ್ಲ," ಎಂದರು ಹಲ್ಲು ಕಚ್ಚಿ. "ಮೂರನೇ ದಿನ ಜಗಳದ ದಿನ. ಆವತ್ತು ಬೈತೀನಿ. ನೆನಪಿಟ್ಕೋ."

ಅರ್ಧ ನೀರು ತೆಗೆಯಬೇಕು ಎಂದಳು ಸೊಸೆ. ಅತ್ತೆ ತಲೆಯಾಡಿಸಿದರು, ಆಗದು. ಕಪ್ಪು ಮೀನು ಇನ್ನಷ್ಟು ವಾಲಿತು. ಇಬ್ಬರೂ ನೋಡಿದರು, ಸಾವು ಎಂಬ ಮಾತನ್ನೂ ಈ ದಿನ ಆಡುವಂತಿಲ್ಲ, ಇಬ್ಬರೂ ಆಡಲಿಲ್ಲ.

"ಹೊರಗೆ ಚೆಲ್ಲೋದು ಬೇಡ," ಎಂದಳು ಯೋಕ್ ಪೆಂಗ್. "ಮನೇಲೇ ಇಟ್ಕೊಳ್ಳೋಣ."

ಫೂಂಗಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಸರಸರ ಅಡುಗೆಮನೆಗೆ ನಡೆದರು. ಬಕೆಟ್ಟು, ಬಟ್ಟೆ ನೆನೆಸುವ ಟಬ್ಬು, ಮೀನು ಬೇಯಿಸುವ ದೊಡ್ಡ ಪಾತ್ರೆ, ಐಸ್ ಪೆಟ್ಟಿಗೆ, ಕೈಗೆ ಸಿಕ್ಕಿದ್ದೆಲ್ಲ ಬಂತು. ಕೊಳವೆ ಬಾಯಿಗಿಟ್ಟು ನೀರೆಳೆದವರು ಅವರೇ. ಹಿತ್ತಿಲ ಡ್ರಮ್ಮಿನಲ್ಲಿ ಮೀನಿಗೆಂದೇ ಹಿಡಿದಿಟ್ಟ ಹಳೆಯ ನೀರಿತ್ತು, ಅದನ್ನು ತೊಟ್ಟಿಗೆ ತುಂಬಿದರು.

ಯೋಕ್ ಪೆಂಗ್ ಬೇಸಿನ್ ಹಿಡಿದು ಪಕ್ಕದ ಮನೆಗೆ ಓಡಿದಳು. ಅಲ್ಲಿ ಮುನಿಯಾಂಡಿ ಗಪ್ಪಿ ಮೀನು ಸಾಕಿದ್ದರು. ಅವರದೂ ಜಲ್ಲಿಯ ತೊಟ್ಟಿಯೇ. ಕೇಳಿದ್ದಕ್ಕೆ ನಕ್ಕರು.

"ನಿಮ್ಮನೆಯಿಂದ ಕಿತ್ತಳೆ ಬರುತ್ತೆ ಅಂತ ಬಾಗಿಲು ನೋಡ್ತಾ ಕೂತಿದ್ರೆ, ನೀನು ಕೊಳೆ ಕೇಳೋಕೆ ಬಂದ್ಯಲ್ಲಮ್ಮ."

ಆದರೂ ಮೊಣಕೈತನಕ ಕೈಯನ್ನು ತೊಟ್ಟಿಗಿಳಿಸಿ ಅರ್ಧ ಬೇಸಿನ್ ಬಗೆದು ಕೊಟ್ಟರು. ಒಣಗಲು ಬಿಡಬೇಡ ಎಂದರು.

ಅವಳು ಬಂದವಳೇ, ಅಭ್ಯಾಸಬಲದಿಂದ ನಲ್ಲಿಯ ಕಡೆ ತಿರುಗಿದಳು. ಫೂಂಗಮ್ಮ ರಟ್ಟೆ ಹಿಡಿದರು.

"ಮತ್ತೆ ತೊಳೀತೀಯಾ?"

ಹಾಗೇ ಸುರಿದರು. ಬಿಳಿಯ ಜಲ್ಲಿಯ ಮೇಲೆ ಕಂದು ಕಲ್ಲುಗಳು ಹರಡಿಕೊಂಡವು.

ಹತ್ತಕ್ಕೆ ನೆಂಟರು ಬಂದಾಗ ನಡುಮನೆಯ ಗೋಡೆಯುದ್ದಕ್ಕೂ ಮಬ್ಬು ನೀರಿನ ಹನ್ನೊಂದು ಪಾತ್ರೆಗಳು. ಗಂಡನ ದೊಡ್ಡಮ್ಮ ಮೂಗು ಮುಚ್ಚಿಕೊಂಡು ಇದೇನೆಂದು ಕೇಳಿದರು.

"ಈ ವರ್ಷ ನಮ್ಮನೆ ಅದೃಷ್ಟ ತೊಟ್ಟೀಲಿ ಹಿಡೀಲಿಲ್ಲ ಅಕ್ಕ," ಎಂದರು ಫೂಂಗಮ್ಮ, ಸೊಸೆಯತ್ತ ನೋಡದೆ.

ಯೋಕ್ ಪೆಂಗ್ ಚಹಾ ಕೊಡುತ್ತಾ ಎಣಿಸಿದಳು, ಲೋಟ ಎತ್ತುತ್ತಾ ಎಣಿಸಿದಳು. ಮಧ್ಯಾಹ್ನದ ಹೊತ್ತಿಗೆ ಕೆಂಪು ಮೀನುಗಳು ಒಂದೊಂದಾಗಿ ಕೆಳಗಿಳಿದವು. ಕಪ್ಪು ಮೀನು ಮಾತ್ರ ಮೇಲೆಯೇ, ಓರೆಯಾಗಿ ತೇಲುತ್ತಿತ್ತು. ನೆಂಟರು ಹೋದರು. ನಾಲ್ಕಾಯಿತು. ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅವಳು ಗಾಜಿನ ಪಕ್ಕ ನೆಲದ ಮೇಲೆ ಕೂತು, ಕಣ್ಣು ಕೀಳದೆ ನೋಡುತ್ತಿದ್ದಳು.

ಕಪ್ಪು ಮೀನು ನೆಟ್ಟಗಾಯಿತು. ತಡವರಿಸುತ್ತಾ ಇಳಿದು, ಒಂದು ಕಂದು ಕಲ್ಲನ್ನು ಬಾಯಿಗೆಳೆದುಕೊಂಡು ಚಪ್ಪರಿಸಿ ಉಗಿಯಿತು. ಕಲ್ಲು ಗಾಜಿಗೆ ಟಿಕ್ಕೆಂದು ಬಡಿಯಿತು.

"ಕರಿಯನಾ?" ಫೂಂಗಮ್ಮ ಕಣ್ಣು ತೆರೆಯಲಿಲ್ಲ.

"ಹೂಂ ಅಮ್ಮ."

"ನಾಳೆಯೂ ಅರ್ಧ ನೀರು ತೆಗೀಬೇಕು. ಪಾತ್ರೆ ಸಾಲಲ್ಲ, ಮುನಿಯಾಂಡಿ ಮನೇಲಿ ಕೇಳು. ಕಿತ್ತಳೆ ತಗೊಂಡು ಹೋಗು. ಬೈಗುಳ ನಾಳಿದ್ದಕ್ಕಿದೆ, ಮರೆತಿಲ್ಲ."