ಗಂಜಿ ಹಾಕಿದ ಪಟ್ಟಿ

ಅಮ್ಮ ಸತ್ತದ್ದು ಹೊಟ್ಟೆನೋವಿನಿಂದ ಎಂದೇ ಲಾಂಡ್ರಿಯವರೆಲ್ಲ ನಂಬಿದ್ದರು. ಹೊಟ್ಟೆನೋವಂತೆ, ಮಣ್ಣಂತೆ! ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಮ್ಮನೂ ನಾನೂ ಅಲ್ಲೇ ದುಡಿಯುತ್ತಿದ್ದೆವು. ಒದ್ದೆ ಶೀಟುಗಳ ಗಂಟು ಎತ್ತುವುದು ಅವಳ ಕೆಲಸ. ಮೆಷಿನ್ ತಿರುಗುವಾಗ ಯಾರೂ ಕಕ್ಕಸಿಗೆ ಹೋಗುವಂತಿರಲಿಲ್ಲ. ತಡೆದೂ ತಡೆದೂ ಎಲ್ಲರಿಗೂ ಮಲಬದ್ಧತೆ. ಅಮ್ಮ ಬೆಳಿಗ್ಗೆ ಕೂತು ತಿಣುಕಿ ತಿಣುಕಿ, ಮುಖ ಕೆಂಪಾಗಿ ಹೊರಬರುತ್ತಿದ್ದಳು.

ಹಾಗೆ ತಿಣುಕುವಾಗಲೇ ಗುದದಿಂದ ಕರುಳಿನ ತುದಿ ಹೊರಗೆ ಜಾರತೊಡಗಿತ್ತು. ಮೊದಮೊದಲು ತಾನಾಗೇ ಒಳಗೆ ಹೋಗುತ್ತಿತ್ತು, ಆಮೇಲೆ ಕೈಯಿಂದ ತಳ್ಳಬೇಕಾಯಿತು. ಮೂಲವ್ಯಾಧಿ ಅಂದುಕೊಂಡು ಮುಲಾಮು ಹಚ್ಚಿದಳು. ಹೆತ್ತ ಮಗಳಿಗೂ ಹೇಳಲಿಲ್ಲ. ಲಾಂಡ್ರಿಯವಳ ಬುದ್ಧಿ ನೋಡಿ: ಹಳೇ ಶೀಟಿನ ಪಟ್ಟಿ ಹರಿದು, ಕಾಲರಿಗೆ ಹಾಕುವ ಹಾಗೆ ಗಟ್ಟಿ ಗಂಜಿ ಹಾಕಿ, ಲಂಗೋಟಿಯಂತೆ ಬಿಗಿದುಕೊಂಡಳು. ಜಾರಿದ್ದು ಆ ರಟ್ಟಿನಂಥ ಬಟ್ಟೆಗೆ ಉಜ್ಜಿ ಹುಣ್ಣಾಯಿತು, ಬಾತಿತು, ಕೊನೆಗೆ ಕಪ್ಪಾಯಿತು. ಗಂಟು ಎತ್ತುವಾಗ ಅವಳು ಕುಸಿದ ಮೇಲೆಯೇ ನನಗೆ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಹೆರಿಗೆ, ವಯಸ್ಸು, ಭಾರ ಎತ್ತೋದು, ತಿಣುಕೋದು, ಎಲ್ಲ ಸೇರಿ ಕರುಳನ್ನ ಹಿಡಿದಿಡೋ ಸ್ನಾಯು ಸಡಿಲ ಆಗುತ್ತಮ್ಮ. ಮೊದಲೇ ಬಂದಿದ್ರೆ ಹೊಟ್ಟೆ ಕಡೆಯಿಂದ ಆಪರೇಷನ್ ಮಾಡಿ, ಮೇಲಕ್ಕೆಳೆದು ಹೊಲಿದುಬಿಡ್ತಿದ್ವಿ. ಈಗ ಕೊಳೆತಿದೆ, ಕೆಳಗಿಂದ ಕತ್ತರಿಸಿ ತೆಗೀಬೇಕು. ಮೈಗೆಲ್ಲ ನಂಜೇರಿದೆ, ಭರವಸೆ ಕೊಡಲಾರೆ."

ಒಳಗೆ ಒಯ್ಯುವ ಮುನ್ನ ಅಮ್ಮ ನನ್ನ ಕೈ ಹಿಡಿದಳು. "ಯಾರಾದ್ರೂ ಕೇಳಿದ್ರೆ ಹೊಟ್ಟೆನೋವು ಅನ್ನು. ಮಾನ ಕಳೀಬೇಡ."

ತಲೆಯಾಡಿಸಿದೆ. ಅವಳು ಜೀವಂತವಾಗಿ ಹೊರಬರಲಿಲ್ಲ.

ಕೆಲಸಕ್ಕೆ ಮರಳಿದ ದಿನ, "ಹೊಟ್ಟೆನೋವಿಗೂ ಯಾರಾದ್ರೂ ಸಾಯ್ತಾರಾ?" ಎಂದು ಇಸ್ತ್ರಿ ಮಾಡುವ ದೊಡ್ಡಕ್ಕ ಕೇಳಿದಳು. ನನ್ನ ಸಹನೆಯ ಕಟ್ಟೆ ಒಡೆಯಿತು. ಕಕ್ಕಸು, ಕರುಳು, ಗಂಜಿ ಪಟ್ಟಿ, ಎಲ್ಲವನ್ನೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟೆ. ಅಮ್ಮನಿಗೆ ಕೊಟ್ಟ ಮಾತು ಮುರಿಯಿತು, ಮುರಿದರೆ ಮುರಿಯಲಿ.

"ಥೂ, ಹೆಣ್ಣುಮಕ್ಕಳು ಆಡೋ ಮಾತಾ ಇದು?" ಎಂದು ದೊಡ್ಡಕ್ಕ ಸಿಡುಕಿದಳು.

ಉಳಿದವರು ಊಟಕ್ಕೆ ಹೋದ ಮೇಲೆ ಅವಳೇ ನನ್ನ ಪಕ್ಕ ಬಂದು ನಿಂತಳು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ. ಅವಳು ಕೂತದ್ದನ್ನು ನೋಡಿಯೇ ಎಷ್ಟೋ ಕಾಲವಾಗಿತ್ತು.

"ಅಲ್ಲ ಕಣೇ," ಬಾಯಿಬಡುಕಿಯ ದನಿಯೇ ಅಡಗಿತ್ತು, "ಕೈಯಲ್ಲಿ ತಳ್ಳೋ ಹಾಗಾದ್ಮೇಲೆ, ನಿಮ್ಮಮ್ಮಂಗೆ ಎಷ್ಟು ದಿನಕ್ಕೆ ಕಪ್ಪಾಯ್ತು?"

ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಅವಳ ಕೈ ಹಿಡಿದುಕೊಂಡೆ. "ನಡಿ ಅಕ್ಕಾ, ಆಸ್ಪತ್ರೆಗೆ. ಈಗಲೇ."