ಒಂದು ಬೇಸಿಗೆಯ ಟೈರು

ಕಾದ ರಬ್ಬರಿನ ವಾಸನೆ ಬಂದರೆ ಈಗಲೂ ಅಪ್ಪನ ಸೈಕಲ್ ಶೆಡ್ಡು ನೆನಪಾಗುತ್ತದೆ. ಹಿಮ ಕರಗಿದ ಮೊದಲ ವಾರ ಅಪ್ಪ ಅಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ನಮಗೆ ವಸಂತ ಬರುತ್ತಿದ್ದುದು ಆ ವಾಸನೆಯ ಜೊತೆಗೇ.

ನಮ್ಮೂರು ನುರ್ಮೆಸ್‌ನಲ್ಲಿ ಒಸ್ಮೊನ ಟೈರು ಅಂಗಡಿಯಲ್ಲೂ ಅದೇ ವಾಸನೆ. ಏಪ್ರಿಲ್ ಮುಗಿಯುತ್ತ ಬಂದಿತ್ತು. ಎಲ್ಲರೂ ಬೇಸಿಗೆ ಟೈರು ಹಾಕಿಸಿಕೊಂಡಾಗಿತ್ತು. ನನ್ನ ಕಾರು ಮಾತ್ರ ಬರಿಯ ಡಾಂಬರಿನ ಮೇಲೆ ಹಿಮದಲ್ಲಿ ಜಾರದಂತೆ ಮೊಳೆ ಹೊಡೆದ ಚಳಿಗಾಲದ ಟೈರಿನಲ್ಲಿ ಕಟಕಟ ಎನ್ನುತ್ತಿತ್ತು. ನೆಲಮಾಳಿಗೆಯಿಂದ ತಂದಿದ್ದ ಹಳೆಯ ಬೇಸಿಗೆ ಟೈರುಗಳನ್ನು ಒಸ್ಮೊ ಉರುಳಿಸಿ ನೋಡಿದ. ಹೋದ ಅಕ್ಟೋಬರಿನಲ್ಲಿ ಬಿಚ್ಚಿಡುವಾಗ ನನ್ನ ಗಂಡ ಔಲಿಸ್ ಸೀಮೆಸುಣ್ಣದಲ್ಲಿ ಬರೆದ ಗುರುತು ಹಾಗೇ ಇತ್ತು: ಎಡ ಮುಂದೆ, ಬಲ ಹಿಂದೆ.

"ತೈಮಿ ಅಕ್ಕಾ, ಎಲ್ಲಾ ಬಿರುಕು ಬಿಟ್ಟಿವೆ. ಇವನ್ನ ಹಾಕಿದ್ರೆ ಔಲಿಸಣ್ಣ ಆಸ್ಪತ್ರೆಯಿಂದಾನೇ ಬೈತಾರೆ ನಂಗೆ."

"ನಿನ್ನ ಬೈಯದೆ ಅವರಿಗೆ ಯಾವ ವರ್ಷ ತಿಂದಿದ್ದು ಅರಗಿದೆ? ಕಡಿಮೆ ಬೆಲೇದು ತೋರ್ಸಪ್ಪ."

ಒಸ್ಮೊ ಎರಡು ಬಗೆಯ ಟೈರು ತಂದ.

"ಇವು ಹೊಸವು, ಇದ್ದಿದ್ರಲ್ಲಿ ಅಗ್ಗ. ಐದು ಬೇಸಿಗೆ ಬರ್ತವೆ. ಇವು ಬಳಸಿದ್ದು, ಅದರರ್ಧ ಬೆಲೆ. ರಬ್ಬರು ಚೆನ್ನಾಗಿದೆ, ಗ್ರಿಪ್ ಮಾತ್ರ ಸವೆದಿದೆ. ಒಂದು ಬೇಸಿಗೆ, ಅಷ್ಟೇ. ನಿಮಗೆ ಎಷ್ಟು ಬೇಸಿಗೆ ಬೇಕು, ಹೇಳಿ."

ನನ್ನ ಕಾರು ಈಗ ಹೋಗುವುದು ಒಂದೇ ಕಡೆಗೆ, ಆಸ್ಪತ್ರೆಗೆ. ಎಲೆ ಉದುರುವ ಕಾಲದವರೆಗೆ ಔಲಿಸ್ ಇರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಕಾರು ಹೊರಗೆ ತೆಗೆಯುವ ಕೆಲಸವೇ ನನಗಿಲ್ಲ. ನಿನ್ನೆ ಔಲಿಸರೇ ದಿಂಬಿನಿಂದ ತಲೆಯೆತ್ತದೆ, "ಸುಮ್ನೆ ದುಡ್ಡು ಸುರೀಬೇಡ ಕಣೆ. ಈ ಬೇಸಿಗೆಗೆ ಆದ್ರೆ ಸಾಕು," ಎಂದಿದ್ದರು. ನಾನು ಕಿಟಕಿಯ ಪರದೆ ಸರಿಪಡಿಸುತ್ತ ನಿಂತಿದ್ದೆ.

ಹೊಸ ಟೈರಿನ ಮೇಲೆ ಕೈಯಿಟ್ಟೆ. ಅದರ ಮೈಮೇಲಿನ ಕೂದಲಿನಂಥ ರಬ್ಬರು ಎಳೆಗಳು ಬೆರಳಿಗೆ ತಾಗುತ್ತಿದ್ದವು. ಐದು ಬೇಸಿಗೆ. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಒಂದು ಬೇಸಿಗೇದೇ ಹಾಕು."

ಒಸ್ಮೊ ಜಾಕು ಎಳೆದುಕೊಂಡು ಕಾರಿನ ಬಳಿ ಹೋದ. ಕೆಲಸ ಮುಗಿದ ಮೇಲೆ, ಬಿಚ್ಚಿದ ಮೊಳೆ ಟೈರುಗಳ ಮೇಲೆ ಔಲಿಸರ ಹಾಗೆಯೇ ದೊಡ್ಡ ಅಕ್ಷರದಲ್ಲಿ ಗುರುತು ಬರೆದ. ಮುಂದಿನ ಚಳಿಗಾಲಕ್ಕೆ ಅವು ಬೇಕಾಗುವುದಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

"ಅಯ್ಯೋ, ಊಟದ ಹೊತ್ತು ಮೀರಿತು," ಎಂದೆ. "ಗುರುವಾರ ಇವತ್ತು, ಎಲ್ಲೆಲ್ಲೂ ಬಟಾಣಿ ಸೂಪಿನ ದಿನ. ಆಸ್ಪತ್ರೇಲಿ ಕೊಟ್ಟಿದ್ದು ತಣ್ಣಗಾದ್ರೆ ಅವರು ಬಾಯೇ ತೆರೆಯಲ್ಲ."

ಒಸ್ಮೊ ಕೈ ಒರೆಸಿಕೊಂಡು ಒಳಗೆ ಹೋದ. ತನ್ನ ಊಟಕ್ಕೆಂದು ಹೆಂಡತಿ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಬಿಸಿ ಬಟಾಣಿ ಸೂಪಿನ ಫ್ಲಾಸ್ಕನ್ನು, ಇನ್ನೂ ಮುಚ್ಚಳ ತೆಗೆಯದ್ದನ್ನು, ಕಾರಿನ ಕಿಟಕಿಯಿಂದ ನನ್ನ ಕೈಗಿಟ್ಟ.